ಸುಣ್ಣದ ಹಾಲು ಕೈ ಸುಡುವುದನ್ನು ಅಳೆಯುವುದು ಹೇಗೆ?

ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ತಯಾರಿಸುವಾಗ 1 ಕಿಲೋ ಸುಣ್ಣವನ್ನು 50 ಲೀಟರ್ ನೀರಿನಲ್ಲಿ ಕದಡುವುದು ರೈತರಿಗೆ ತಿಳಿದ ಸಂಗತಿ. ಇದನ್ನು ಬರಿಗೈಯಿಂದ ಕಲಕಿದವರಿಗೆ ಆಗ ಉರಿ ಕಾಣದಿರಬಹುದು. ಸಂಜೆ ನೋಡಿದರೆ ಬೆರಳ ಸಂದು ಬಿರಿದಿರುತ್ತದೆ. ಆದುದರಿಂದ ನೋವು ಹಾನಿಯ ಅಳತೆಯಲ್ಲ.

ಮೊದಲ ಅಳತೆ ರಸಸಾರ. ಆರೋಗ್ಯವಂತ ಚರ್ಮದ ಮೇಲ್ಮೈಯ ರಸಸಾರ ಸುಮಾರು 5. ಸುಣ್ಣದ ತಿಳಿನೀರಿನದು 12.4. ರಸಸಾರದಲ್ಲಿ ಒಂದು ಅಂಶ ಏರಿದರೆ ಕ್ಷಾರತೆ ಹತ್ತು ಪಟ್ಟು ಏರಿದಂತೆ. ಹೀಗಾಗಿ ಇಲ್ಲಿರುವ ವ್ಯತ್ಯಾಸ ಒಂದು ಕೋಟಿ ಪಟ್ಟಿಗೂ ಅಧಿಕ! ಕ್ಷಾರವು ಚರ್ಮದ ಜಿಡ್ಡನ್ನು ಸಾಬೂನಾಗಿಸಿ, ಸಸಾರಜನಕವನ್ನು ಮೆದುಗೊಳಿಸಿ ಒಳಕ್ಕೆ ಇಳಿಯುತ್ತದೆ.

ಆದರೆ ರಸಸಾರವೊಂದೇ ಸಾಲದು. ತಿಳಿನೀರು, ಹಾಲು ಎರಡರ ರಸಸಾರವೂ ಒಂದೇ. ತಿಳಿನೀರಿನ ಒಂದು ಲೀಟರಿನಲ್ಲಿ ಕರಗಿರುವ ಸುಣ್ಣ 2 ಗ್ರಾಮಿಗೂ ಕಡಿಮೆ. ಹಾಲಿನಲ್ಲಿ 20 ಗ್ರಾಮಿಗೂ ಹೆಚ್ಚು ಇದೆ. ಚರ್ಮದ ಮೇಲೆ ಕ್ಷಾರ ಖರ್ಚಾದಂತೆ ಕರಗದ ಕಣಗಳು ಕರಗಿ ಅದನ್ನು ತುಂಬಿಕೊಡುತ್ತವೆ. ಈ ದಾಸ್ತಾನನ್ನು ಪ್ರಯೋಗಶಾಲೆಯಲ್ಲಿ ಆಮ್ಲವನ್ನು ಹನಿಹನಿಯಾಗಿ ಬೆರೆಸಿ ಅಳೆಯುತ್ತಾರೆ.

ಮೂರನೆಯ ಅಳತೆ ಚರ್ಮದ್ದೇ. 1947ರಲ್ಲಿ ಸ್ವಿಟ್ಜರ್ಲೆಂಡಿನ ಚರ್ಮವೈದ್ಯ ಬುರ್ಕ್‌ಹಾರ್ಟ್ ಅವರು ಮುಂಗೈಯ ಮೇಲೆ ಶೇ. 2ರ ಕಾಸ್ಟಿಕ್ ಸೋಡಾದ ಒಂದು ಹನಿಯಿಟ್ಟು, ಗಾಜು ಮುಚ್ಚಿ, 10 ನಿಮಿಷಕ್ಕೊಮ್ಮೆ ಪರೀಕ್ಷಿಸುವ ಕ್ರಮವನ್ನು ವಿವರಿಸಿದರು. ಕೆಲವರ ಚರ್ಮ ಬೇಗನೆ ಸೋಲುತ್ತದೆ, ಕೆಲವರದು ಅರ್ಧ ಗಂಟೆ ತಾಳುತ್ತದೆ. ಪಕ್ಕದವನಿಗೆ ಏನೂ ಆಗಲಿಲ್ಲವೆಂದು ನೀವು ಕೈ ಹಾಕುವುದು ಸಲ್ಲದು. ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಲೂ ಬಾರದು. ಈಗ ಚರ್ಮದಿಂದ ಆವಿಯಾಗುವ ನೀರನ್ನು ಉಪಕರಣದಿಂದ ಅಳೆದು, ಕಣ್ಣಿಗೆ ಕಾಣದ ಹಾನಿಯನ್ನೂ ಗುರುತಿಸಬಹುದು.

ರೈತರು ಗಮನಿಸಬೇಕಾದ ಅಂಶಗಳು:

1. ರಬ್ಬರ್ ಕೈಚೀಲ, ಕನ್ನಡಕ ಧರಿಸಿ, ಉದ್ದನೆಯ ಕೋಲಿನಿಂದಲೇ ಕಲಕಿರಿ.

2. ಸುಟ್ಟ ಸುಣ್ಣಕ್ಕೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿರಿ. ಅದು ಕುದಿದು ಸಿಡಿಯುತ್ತದೆ.

3. ಮೈಮೇಲೆ ಒಣ ಸುಣ್ಣ ಬಿದ್ದರೆ ಮೊದಲು ಕೊಡವಿರಿ. ಬಳಿಕ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ನೆನೆದ ಬಟ್ಟೆಯನ್ನು ಕೂಡಲೇ ಕಳಚಿರಿ.

4. ನಿಂಬೆರಸ, ಹುಣಿಸೆರಸ ಹಚ್ಚಬೇಡಿ.

5. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ತೊಳೆಯುತ್ತಾ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸುಣ್ಣದಿಂದ ದೃಷ್ಟಿಯೇ ಹೋಗಬಹುದು.

ಉರಿ ಬರಲಿ, ಆಮೇಲೆ ತೊಳೆದರಾಯಿತು ಎಂದು ಕಾಯಬೇಡಿ. ಉರಿ ಬರುವ ಹೊತ್ತಿಗೆ ಸುಣ್ಣ ತನ್ನ ಕೆಲಸ ಮುಗಿಸಿರುತ್ತದೆ.