ತೊಂಬತ್ತೆರಡರಲ್ಲಿ ಮರಳಿ ಸಂಸತ್ತಿಗೆ

ನಮ್ಮ ಅಡಕೆಗೆ ಮಲಯ ಭಾಷೆಯಲ್ಲಿ ‘ಪಿನಾಂಗ್’ ಎನ್ನುತ್ತಾರೆ. ಮಲೇಷಿಯಾದ ಪೆನಾಂಗ್ ದ್ವೀಪಕ್ಕೆ ಹೆಸರು ಬಂದುದು ಅದರಿಂದಲೇ. ಅದರ ಉತ್ತರಕ್ಕಿರುವ ಲಂಕಾವಿ ದ್ವೀಪದ ಮತದಾರರು 2018ರ ಮೇ 9ರಂದು 92 ವರ್ಷದ ವಯೋವೃದ್ಧರೊಬ್ಬರನ್ನು ಸಂಸತ್ತಿಗೆ ಆರಿಸಿ ಕಳುಹಿಸಿದರು. ಅವರೇ ಡಾ. ಮಹತೀರ್ ಮೊಹಮದ್.

ವೃತ್ತಿಯಿಂದ ವೈದ್ಯರಾದ ಇವರು 1981ರಿಂದ 22 ವರ್ಷ ಪ್ರಧಾನಿಯಾಗಿದ್ದು, 2003ರಲ್ಲಿ ತಾವಾಗಿಯೇ ನಿವೃತ್ತರಾದರು. ಮರಳಿ ಬಂದದ್ದು ತಾವೇ ಮುನ್ನಡೆಸಿದ್ದ ಪಕ್ಷದ ವಿರುದ್ಧ. ಸರಕಾರಿ ಹೂಡಿಕೆ ಸಂಸ್ಥೆಯೊಂದರ ಹಣ ಸೋರಿಹೋದ ಹಗರಣವೂ, 2015ರಲ್ಲಿ ಹೇರಿದ ಶೇಕಡಾ 6ರ ತೆರಿಗೆಯೂ ಜನರನ್ನು ಕೆರಳಿಸಿದ್ದವು. 1998ರಲ್ಲಿ ತಾವೇ ವಜಾ ಮಾಡಿದ್ದ ಅನ್ವರ್ ಇಬ್ರಾಹಿಂ ಅವರೊಡನೆ ಮಹತೀರರು ಕೈಜೋಡಿಸಿದರು. 222 ಸ್ಥಾನಗಳಲ್ಲಿ ಅವರ ಕೂಟಕ್ಕೆ 113 ದೊರೆತವು. 1957ರ ಸ್ವಾತಂತ್ರ್ಯದಿಂದ ಆಳಿದವರು ಮೊದಲ ಸಲ ಸೋತರು. ಮಹತೀರರು ಮತ್ತೆ ಪ್ರಧಾನಿಯಾದರು.

ಬೆಳೆಗಾರ ಬಾಂಧವರು ಗಮನಿಸಬೇಕಾದುದು ಮುಂದಿನ ಸಂಗತಿ. ಅಲ್ಲಿ 1956ರಲ್ಲಿ ಹುಟ್ಟಿದ ಫೆಲ್ಡಾ ಎಂಬ ಸರಕಾರಿ ಸಂಸ್ಥೆ ಭೂಹೀನ ಕುಟುಂಬಗಳಿಗೆ ತಲಾ ಸುಮಾರು 10 ಎಕರೆ ರಬ್ಬರ್ ಅಥವಾ ತಾಳೆ ತೋಟ ಮಾಡಿಕೊಟ್ಟಿತು. ಅವರೂ ನಮ್ಮಂತೆ ಸಣ್ಣ ಹಿಡುವಳಿದಾರರೇ. ಆದರೆ ತಾಳೆ ಗೊನೆ ಕಡಿದ ಒಂದೆರಡು ದಿನದಲ್ಲಿ ಗಿರಣಿ ಸೇರಬೇಕು. ಅಡಕೆಯಂತೆ ಮೂಟೆ ಕಟ್ಟಿಟ್ಟು ಧಾರಣೆ ಏರಲೆಂದು ಕಾಯುವಂತಿಲ್ಲ.

2019ರಲ್ಲಿ ಅವರ ತಾಳೆ ಎಣ್ಣೆಯ ಅತಿ ದೊಡ್ಡ ಗ್ರಾಹಕ ಭಾರತ. ಅದೇ ಸೆಪ್ಟೆಂಬರಿನಲ್ಲಿ ಮಹತೀರರು ವಿಶ್ವಸಂಸ್ಥೆಯಲ್ಲಿ ಕಾಶ್ಮೀರದ ಬಗ್ಗೆ ಆಡಿದ ಮಾತು ದೆಹಲಿಗೆ ಹಿಡಿಸಲಿಲ್ಲ. 2020ರ ಜನವರಿ 8ರಂದು ಭಾರತವು ಶುದ್ಧೀಕರಿಸಿದ ತಾಳೆ ಎಣ್ಣೆಯ ಆಮದಿಗೆ ನಿರ್ಬಂಧ ಹಾಕಿತು. ಆದೇಶದಲ್ಲಿ ಯಾವ ದೇಶದ ಹೆಸರೂ ಇರಲಿಲ್ಲ. ಪೆಟ್ಟು ಮಾತ್ರ ಮಲೇಷಿಯಾಕ್ಕೆ ಬಿತ್ತು. ಎಣ್ಣೆ ಮಾರಾಟದ ಚಿಂತೆ ತಮಗೂ ಇದೆ, ಆದರೆ ತಪ್ಪು ಕಂಡಲ್ಲಿ ಹೇಳಲೇಬೇಕು ಎಂಬುದು ಮಹತೀರರ ನಿಲುವು. ಮಾತಿನ ಸರಿತಪ್ಪು ಏನೇ ಇರಲಿ, ಅದರ ಆತಂಕ ತಲುಪಿದ್ದು ಗೊನೆ ಕಡಿಯುವವನ ಅಂಗಳಕ್ಕೆ.

ಕೂಟ ಒಡೆದು 2020ರ ಫೆಬ್ರವರಿ 24ರಂದು ಮಹತೀರರು ರಾಜೀನಾಮೆಯಿತ್ತರು. 2022ರ ನವೆಂಬರಿನಲ್ಲಿ ಅದೇ ಲಂಕಾವಿಯಲ್ಲಿ 97ರ ವಯಸ್ಸಿನಲ್ಲಿ ಠೇವಣಿಯನ್ನೂ ಕಳೆದುಕೊಂಡರು.

ನಮ್ಮ ಅಡಕೆಯ ಕನಿಷ್ಠ ಆಮದು ದರವೂ ದೆಹಲಿಯ ಆದೇಶದಿಂದಲೇ ನಿಗದಿಯಾಗುತ್ತದೆ. ಮತ ಕೇಳಲು ಬರುವವರು ಹಿರಿಯರಿರಲಿ, ಕಿರಿಯರಿರಲಿ, ನಮ್ಮ ಬೆಳೆಯ ವಿಷಯದಲ್ಲಿ ಅಲ್ಲಿ ಏನು ಹೇಳುವಿರಿ ಎಂದು ಮುಂಚಿತವಾಗಿಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು.