ಇಟ್ಟಿಗೆ ಪೇರಿಸುತ್ತಾ ಬೆಳೆದ ಗೆಳೆತನ

‘ಮುಖ ನೋಡಿ ಮಾತಾಡು’, ‘ಎಲ್ಲರ ಜೊತೆ ಬೆರಿ’, ‘ಮನೆಗೆ ಬಂದವರಿಗೆ ನಮಸ್ಕಾರ ಹೇಳು’. ಆಟಿಸಂ ಇರುವ ಮಗು ಈ ಮಾತುಗಳನ್ನು ದಿನಕ್ಕೆಷ್ಟು ಸಲ ಕೇಳುತ್ತದೋ! ಎದುರಿನವರ ಕಣ್ಣು ನೋಡಬೇಕು, ದನಿಯ ಏರಿಳಿತ ಹಿಡಿಯಬೇಕು, ಫ್ಯಾನಿನ ಸದ್ದು, ಟ್ಯೂಬ್‌ಲೈಟಿನ ಮಿಣುಕು ಸಹಿಸಬೇಕು, ಇಷ್ಟರ ನಡುವೆ ತಟ್ಟನೆ ಉತ್ತರವನ್ನೂ ಕೊಡಬೇಕು. ಓದಲು, ಟೈಪ್ ಮಾಡಲು ಬರುವ ಅನೇಕರಿಗೆ ಪರದೆಯ ಮುಂದೆ ಈ ಹೊರೆ ಹಗುರಾಗುತ್ತದೆ. ಅಲ್ಲಿನ ವಾಕ್ಯ ಓಡಿಹೋಗುವುದಿಲ್ಲ. ಇನ್ನೊಮ್ಮೆ ಓದಬಹುದು, ಯೋಚಿಸಿ ಬರೆಯಬಹುದು, ಸರಿಬಾರದಿದ್ದರೆ ಅಳಿಸಬಹುದು.

ಹಾಗಂತ ಆನ್‌ಲೈನ್ ಲೋಕವೇನೂ ಸಾಧುಗಳ ಆಶ್ರಮವಲ್ಲ. ಮೈನ್‌ಕ್ರಾಫ್ಟ್ ಆಟವನ್ನೇ ನೋಡಿ. ಚೌಕಾಕಾರದ ಇಟ್ಟಿಗೆ ಪೇರಿಸಿ ಮನೆ, ಕೋಟೆ, ಊರನ್ನೇ ಕಟ್ಟುವ ಆಟ. ಆದರೆ ಹಲವರು ಕೂಡಿ ಆಡುವ ಸಾರ್ವಜನಿಕ ಸರ್ವರ್‌ಗಳಲ್ಲಿ ಆಟಿಸಂ ಇರುವ ಮಕ್ಕಳು ಕಟ್ಟಿದ್ದನ್ನು ಕೆಡವುವುದು, ಅವರ ಪಾತ್ರವನ್ನು ಮತ್ತೆ ಮತ್ತೆ ಕೊಲ್ಲುವುದು ಕೆಲವರಿಗೆ ಮೋಜಾಗಿತ್ತು. ಹೆತ್ತವರು ಈ ಗೋಳನ್ನು ಕೆನಡಾದ ಸ್ಟುವರ್ಟ್ ಡಂಕನ್ ಬಳಿ ತೋಡಿಕೊಂಡರು. ವೆಬ್ ಡೆವಲಪರ್ ಆಗಿದ್ದ ಡಂಕನ್‌ಗೆ ಸ್ವತಃ ಆಟಿಸಂ ಇದೆ, ಅವರ ಮಗನಿಗೂ ಇದೆ. 2013ರಲ್ಲಿ ಅವರು ಇಂಥ ಮಕ್ಕಳಿಗೂ ಅವರ ಮನೆಯವರಿಗೂ ಮೀಸಲಾದ ‘ಆಟ್‌ಕ್ರಾಫ್ಟ್’ ಸರ್ವರ್ ತೆರೆದರು. ಅರ್ಜಿ ಹಾಕಿ ಒಪ್ಪಿಗೆ ಪಡೆದವರಿಗಷ್ಟೇ ಪ್ರವೇಶ. ಕದಿಯುವಂತಿಲ್ಲ, ಕೆಡವುವಂತಿಲ್ಲ, ಬೈಯುವಂತಿಲ್ಲ. ನಿಗಾ ಇಡಲು ದೊಡ್ಡವರಿದ್ದಾರೆ.

ಅಲ್ಲಿ ‘ಸಾಮಾಜಿಕ ಕೌಶಲ’ ಅಂತ ಯಾರೂ ಪಾಠ ಮಾಡುವುದಿಲ್ಲ. ಸೇತುವೆಗೆ ಕಲ್ಲು ಸಾಲದು, ಪಕ್ಕದವನ ಬಳಿ ಇದೆ; ಹಾಗಾದರೆ ಕೇಳಬೇಕು. ಅವನು ಕೊಡಲಾರೆ ಎಂದರೆ ತಡೆದುಕೊಳ್ಳಬೇಕು. ಹೊಸಬ ದಾರಿ ತಪ್ಪಿದರೆ ಕರೆದುಕೊಂಡು ಹೋಗಬೇಕು. ಕೌಶಲವೆಂದರೆ ಇದೇ ತಾನೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನಲ್ಲಿದ್ದ ಸಂಶೋಧಕಿ ಕ್ಯಾಥರಿನ್ ರಿಂಗ್ಲ್ಯಾಂಡ್ ಈ ಆಟದೊಳಗೇ ಕಾಲ ಕಳೆದು ಅಧ್ಯಯನ ನಡೆಸಿದರು. ‘ಬೆರೆಯಲಾರರು’ ಎಂದು ಹಣೆಪಟ್ಟಿ ಹೊತ್ತ ಮಕ್ಕಳು ಅಲ್ಲಿ ತಮ್ಮದೇ ರೀತಿಯಲ್ಲಿ ಬೆರೆಯುತ್ತಿದ್ದುದನ್ನು ದಾಖಲಿಸಿದರು.

ಬೆರೆಯುವಲ್ಲಿನ ತೊಡಕು ಒಂದೇ ಕಡೆ ಇಲ್ಲ ಎಂದು ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲೇ ವಾದಿಸಿದ್ದರು. ಅವರಿಗೂ ಆಟಿಸಂ ಇದೆ. ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗದಷ್ಟೇ ಉಳಿದವರಿಗೆ ಆಟಿಸಂ ಇರುವವರೂ ಅರ್ಥವಾಗುವುದಿಲ್ಲ ಎಂಬುದು ಮಿಲ್ಟನ್ ವಾದದ ತಿರುಳು. ಇದಕ್ಕೆ ಪುಷ್ಟಿ ಕೊಡುವ ಪ್ರಯೋಗವೊಂದನ್ನು ಎಡಿನ್‌ಬರೋದ ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದರು. ಎಂಟೆಂಟು ಮಂದಿಯ ಸರಪಳಿಯಲ್ಲಿ ಒಂದು ಕಥೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದಾಗ ಆಟಿಸಂ ಇರುವವರಷ್ಟೇ ಇದ್ದ ಗುಂಪು ಇಲ್ಲದವರ ಗುಂಪಿಗೆ ಸರಿಸಾಟಿಯಾಗಿತ್ತು. ಕಥೆ ಹೆಚ್ಚು ಸೋರಿಹೋದದ್ದು ಎರಡೂ ಬಗೆಯವರು ಬೆರೆತ ಗುಂಪುಗಳಲ್ಲಿ.

ಪರದೆಯಲ್ಲಿ ಅಪಾಯಗಳಿವೆ, ನಿಜ. ನೇರ ಮಾತನ್ನು ನೇರವಾಗಿಯೇ ನಂಬುವವರನ್ನು ವಂಚಿಸುವುದು ಸುಲಭ. ಗುಟ್ಟು ಇಟ್ಟುಕೋ, ಹಣ ಕಳಿಸು, ಫೋಟೊ ಕಳಿಸು ಎನ್ನುವವರು ಗೆಳೆಯರಲ್ಲ ಎಂಬುದನ್ನು ಒಗಟಿಲ್ಲದೆ ಬಿಡಿಸಿ ಹೇಳಿಕೊಡಬೇಕು. ಆದರೆ ಭಯಕ್ಕೆ ವೈಫೈ ಕಿತ್ತುಹಾಕಿದರೆ, ಎಷ್ಟೋ ಮಕ್ಕಳಿಗೆ ಇರುವ ಒಬ್ಬನೇ ಗೆಳೆಯನೂ ಹೋಗುತ್ತಾನೆ. ಮಗು ತಾಸುಗಟ್ಟಲೆ ಕೀಬೋರ್ಡ್ ಕುಟ್ಟುತ್ತಿದ್ದರೆ, ಬೈಯುವ ಮುನ್ನ ಪಕ್ಕದಲ್ಲೊಂದು ಕುರ್ಚಿ ಎಳೆದುಕೊಂಡು ಕೂತು, ಏನು ಕಟ್ಟುತ್ತಿದ್ದೀಯ, ಜೊತೆಗೆ ಯಾರಿದ್ದಾರೆ ಎಂದು ಕೇಳಿ.