ಕಂಡರಿಯದವರ ಬದುಕನ್ನು ಕಾಗದದಲ್ಲಿ ಓದುವವರು

ನಮ್ಮ ಮಲೆನಾಡಿನ ಗೋಣಿಬೀಡು ಸುತ್ತಿನ ಮನೆಗಳಲ್ಲಿ ಮಗನೋ ಸೊಸೆಯೋ ‘ಪಿಆರ್‌ಗೆ ಹಾಕಿದ್ದಾರೆ’, ಅಂದರೆ ಹೊರದೇಶದ ಕಾಯಂ ವಾಸಕ್ಕೆ ಅರ್ಜಿ ಹಾಕಿದ್ದಾರೆ, ಎಂಬ ಸುದ್ದಿ ಈಗ ಮದುವೆ ಮನೆಯ ಮಾತಿನಲ್ಲಿ ಸಹಜವಾಗಿ ಬಂದುಹೋಗುತ್ತದೆ. ಹಾಕಿದ ಮೇಲೆ ಆ ಅರ್ಜಿಗೆ ಏನಾಗುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ಮಸುಕು. ಅದೃಷ್ಟ ಎನ್ನುವವರು ಕೆಲವರು, ಏಜೆಂಟರ ಕೈಗುಣ ಎನ್ನುವವರು ಹಲವರು. ಅದು ಎರಡೂ ಅಲ್ಲ. ತಾನು ಎಂದೂ ಕಾಣದ ಮನುಷ್ಯನೊಬ್ಬನ ಓದು, ದುಡಿಮೆ, ಸಂಸಾರ ಎಲ್ಲವನ್ನೂ ಕಾಗದದಲ್ಲೇ ಓದಿ, ಬರೆದಿಟ್ಟ ನಿಯಮಕ್ಕೆ ಕಟ್ಟುಬಿದ್ದು ತೀರ್ಮಾನ ಹೇಳುವ ಒಂದು ಕಸುಬು ಅದು. ಆ ಕಸುಬಿನ ಬಗ್ಗೆ ನನಗೆ ದೊಡ್ಡ ಗೌರವವಿದೆ. ಆಸ್ಟ್ರೇಲಿಯಾದ ಪದ್ಧತಿಯನ್ನೇ ಇಲ್ಲಿ ಹಿಡಿದುಕೊಂಡಿದ್ದೇನೆ. ಅಲ್ಲಿನ ನಿಯಮಗಳು ಯಾರು ಬೇಕಾದರೂ ಓದುವಂತೆ ತೆರೆದಿವೆ, ಮತ್ತು ಅಲ್ಲಿ ಕನ್ನಡಕ್ಕೂ ಒಂದು ಲೆಕ್ಕವಿದೆ.

ಆ ದೇಶ ಮೊದಲಿನಿಂದ ಹೀಗಿರಲಿಲ್ಲ. 1901ರ ವಲಸೆ ನಿರ್ಬಂಧ ಕಾಯ್ದೆಯ ಪ್ರಕಾರ ಬಂದರಿನ ಅಧಿಕಾರಿ ತನಗೆ ಬೇಡವೆನಿಸಿದವರಿಗೆ 50 ಪದಗಳ ಉಕ್ತಲೇಖನ ಕೊಡಬಹುದಿತ್ತು. ಭಾಷೆ ಯಾವುದೆಂದು ಆರಿಸುವವನೂ ಅವನೇ. ಇಂಗ್ಲಿಷ್ ಬಲ್ಲವನಿಗೆ ಬೇರೆ ಯಾವುದಾದರೂ ಯುರೋಪಿನ ಭಾಷೆ ಕೊಟ್ಟರೆ ಮುಗಿಯಿತು. 1934ರಲ್ಲಿ ಹಲವು ಭಾಷೆ ಬಲ್ಲ ಎಗಾನ್ ಕಿಶ್ ಎಂಬ ಲೇಖಕನಿಗೆ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಬರೆಯಲು ಹೇಳಿದರು. ಫೇಲು ಮಾಡುವುದಕ್ಕೆಂದೇ ಇದ್ದ ಪರೀಕ್ಷೆ ಅದು. ಆ ಪರೀಕ್ಷೆಯನ್ನು ತೆಗೆದುಹಾಕಿದ್ದು 1958ರ ವಲಸೆ ಕಾಯ್ದೆ. ಬಿಳಿಯರಿಗೆ ಮಾತ್ರ ಎಂಬ ನೀತಿ ಪೂರ್ತಿ ಹೋಗಲು ಮತ್ತೆ 1973ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಕೆನಡಾ 1967ರಲ್ಲೇ ಅಂಕ ಕೊಟ್ಟು ಅಳೆಯುವ ಪದ್ಧತಿ ತಂದಿತ್ತು: ಓದಿಗೆ ಇಷ್ಟು, ವಯಸ್ಸಿಗೆ ಇಷ್ಟು, ಕಸುಬಿಗೆ ಇಷ್ಟು. ಅಧಿಕಾರಿಯ ಇಷ್ಟಾನಿಷ್ಟಕ್ಕೆ ಅಂಕುಶ ಬಿದ್ದದ್ದು ಹೀಗೆ.

ಈಗಿನ ಆಸ್ಟ್ರೇಲಿಯಾದ ಅಂಕಪಟ್ಟಿ ಸರಳ. 25ರಿಂದ 32ರ ವಯಸ್ಸಿಗೆ 30 ಅಂಕ, 40 ದಾಟಿದರೆ 15, 45 ತುಂಬಿದವರಿಗೆ ಬಾಗಿಲೇ ಇಲ್ಲ. ಪದವಿಗೆ 15, ಡಾಕ್ಟರೇಟಿಗೆ 20. ಹೊರದೇಶದಲ್ಲಿ ಮಾಡಿದ ಕೆಲಸಕ್ಕೆ ಮೂರು ವರ್ಷವಾದರೆ 5, ಐದಾದರೆ 10, ಎಂಟಾದರೆ 15. ಇಂಗ್ಲಿಷ್ ಅತ್ಯುತ್ತಮವಾದರೆ 20. ಒಟ್ಟು 65 ಇಲ್ಲದವರು ಮುಂದೆ ಹೋಗುವಂತಿಲ್ಲ. ನಮ್ಮ ಕಡೆ ಕಾಫಿ ವ್ಯಾಪಾರಿ ಔಟ್‌ಟರ್ನ್ ನೋಡುತ್ತಾನಲ್ಲ, ಬಹುಮಟ್ಟಿಗೆ ಹಾಗೆ. ತೋಟ ಯಾರದು, ಮನೆತನ ಎಷ್ಟು ಹಳೆಯದು ಎಂದು ಅವನು ಕೇಳುವುದಿಲ್ಲ. ಚೀಲದಿಂದ ಚೆರ್ರಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ತೇವಾಂಶ ಅಳೆದು, 50 ಕೆಜಿ ಚೀಲಕ್ಕೆ ಎಷ್ಟು ಬೀಜ ಬರುತ್ತದೆ ಎಂದು ಹೇಳುತ್ತಾನೆ.

ಇದೇ ಪಟ್ಟಿಯಲ್ಲಿ ಸಮುದಾಯ ಭಾಷೆ ಬಲ್ಲವರಿಗೆಂದು 5 ಅಂಕವಿದೆ, ಆ ಭಾಷೆಗಳಲ್ಲಿ ಕನ್ನಡವೂ ಒಂದು. ಅಲ್ಲಿನ ಅನುವಾದಕರಿಗೆ ಮಾನ್ಯತೆ ಕೊಡುವ ಎನ್‌ಎಎಟಿಐ ಸಂಸ್ಥೆ ಇದಕ್ಕೆ ಪರೀಕ್ಷೆ ನಡೆಸುತ್ತದೆ. ಇಬ್ಬರ ಸಂಭಾಷಣೆ ಕಿವಿಗೆ ಬೀಳುತ್ತದೆ. ಒಬ್ಬರು ಇಂಗ್ಲಿಷಿನವರು, ಇನ್ನೊಬ್ಬರು ಕನ್ನಡದವರು. ಹೆಚ್ಚೆಂದರೆ 35 ಪದಗಳ ಒಂದೊಂದು ತುಣುಕನ್ನು ಕೇಳಿಸಿಕೊಂಡು ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ದಾಟಿಸಬೇಕು. ಇಂಥ ಎರಡು ಸಂಭಾಷಣೆಗೆ ಒಟ್ಟು 90 ಅಂಕ, ಪಾಸಾಗಲು ಕನಿಷ್ಠ 63 ಬೇಕು. ಆಸ್ಪತ್ರೆ, ಬ್ಯಾಂಕು, ವಿಮೆ, ಕೋರ್ಟು ಇಂಥ ವಿಷಯಗಳ ಮಾತು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ಕಂಪನಿಯಲ್ಲಿ ಹತ್ತು ವರ್ಷ ದುಡಿದ ಎಷ್ಟೋ ಜನ ಈ ಪರೀಕ್ಷೆಗೆಂದೇ ಮತ್ತೆ ಕನ್ನಡ ಪತ್ರಿಕೆ ಹಿಡಿಯುತ್ತಾರೆ. ಒಂದು ಕಾಲದಲ್ಲಿ ಭಾಷೆಯನ್ನೇ ಬೇಲಿ ಮಾಡಿಕೊಂಡಿದ್ದ ದೇಶ ಇಂದು ಅಜ್ಜಿ ಆಡಿದ ಭಾಷೆಗೆ ಅಂಕ ಕೊಡುತ್ತದೆಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಅಂಕದ ಮಾತಿಗೂ ಮೊದಲು ಕಸುಬಿನ ಪರಿಶೀಲನೆ ಆಗಬೇಕು. ಸಾಫ್ಟ್‌ವೇರಿನವರಿಗೆ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ, ಎಂಜಿನಿಯರುಗಳಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾ, ನರ್ಸುಗಳಿಗೆ ಆನ್‌ಮ್ಯಾಕ್, ಇನ್ನೂ ಹಲವು ಕಸುಬಿನವರಿಗೆ ವೆಟಾಸೆಸ್. ಪ್ರತಿ ಕಸುಬಿಗೂ ಆರಂಕಿಯ ಒಂದು ಕೋಡ್ ಇದೆ. ಸಾಫ್ಟ್‌ವೇರ್ ಎಂಜಿನಿಯರ್ 261313, ಸಿವಿಲ್ ಎಂಜಿನಿಯರ್ 233211. ಇಲ್ಲಿ ಪರೀಕ್ಷಕರು ಹುದ್ದೆಯ ಹೆಸರಿಗೆ ಬೆಲೆ ಕೊಡುವುದಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಮ್ಯಾನೇಜರ್ ಎಂದಿದ್ದರೂ ದಿನವಿಡೀ ಕೈ ಆಡಿಸಿದ್ದು ಏನು ಎಂಬುದೇ ಪ್ರಶ್ನೆ. ತಮ್ಮ ಪದವಿಗೆ ಮೊದಲೇ ಮಾನ್ಯತೆ ಇಲ್ಲದ ಎಂಜಿನಿಯರುಗಳು ತಾವು ಮಾಡಿದ ಕೆಲಸದ ಮೂರು ಕಥನ ಬರೆದುಕೊಡಬೇಕು, ಅದೂ ಉತ್ತಮ ಪುರುಷ ಏಕವಚನದಲ್ಲಿ. ಎಲ್ಲರೂ ಸೇರಿ ಸೇತುವೆ ಕಟ್ಟಿದೆವು ಎಂದರೆ ಸಾಲದು; ತೊಲೆಯ ಲೆಕ್ಕ ಹಾಕಿದವರು ಯಾರು, ಮಣ್ಣಿನ ಪರೀಕ್ಷೆ ನೋಡಿ ಅಡಿಪಾಯ ಬದಲಿಸಿದವರು ಯಾರು ಎಂಬುದು ಬರಬೇಕು. ಬೇರೆಯವರ ಬರಹ ಎತ್ತಿಕೊಂಡಿದ್ದು ಕಂಡರೆ ಅರ್ಜಿ ಅಲ್ಲೇ ಬಿತ್ತು.

ನಮ್ಮ ಮಲೆನಾಡಿನವರಿಗೆ ಕಷ್ಟವಾಗುವುದು ಇಲ್ಲೇ. ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಪದವಿ ಪಡೆದು ಅಪ್ಪನ ತೋಟವನ್ನೇ ಎಂಟು ವರ್ಷ ನೋಡಿಕೊಂಡ ಒಬ್ಬರನ್ನು ಊಹಿಸಿಕೊಳ್ಳಿ. ಕಾಂಡಕೊರಕದಿಂದ ಅರೇಬಿಕಾ ಉಳಿಸಿದ್ದಾರೆ, ಮೆಣಸಿನ ಬಳ್ಳಿಯ ಸೊರಗು ರೋಗ ಹಿಡಿತಕ್ಕೆ ತಂದಿದ್ದಾರೆ. ಆದರೆ ಸಂಬಳದ ಚೀಟಿ ಇಲ್ಲ, ಪಿಎಫ್ ಇಲ್ಲ, ಫಾರಂ 16 ಇಲ್ಲ. ಸಂಬಳವಿಲ್ಲದ ದುಡಿಮೆ ಅಂಕಕ್ಕೆ ಬರುವುದಿಲ್ಲ. ಜ್ಞಾನಕ್ಕಿಂತ ಅದರ ದಾಖಲೆಗೆ ತೂಕ ಹೆಚ್ಚಾಗುವ ಈ ಜಾಗ ಪದ್ಧತಿಯ ದೊಡ್ಡ ಕೊರತೆ ಎಂದೇ ನನ್ನ ಎಣಿಕೆ. ಅದೇ ಓದಿನವರು ಒಂದು ಎಸ್ಟೇಟ್ ಕಂಪನಿಯಲ್ಲಿ ಸಂಬಳಕ್ಕೆ ಸೇರಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು.

ಕಸುಬಿನ ಪರಿಶೀಲನೆ ಮುಗಿದ ಮೇಲೆ, 2012ರ ಜುಲೈನಿಂದ ಜಾರಿಗೆ ಬಂದ ಸ್ಕಿಲ್‌ಸೆಲೆಕ್ಟ್ ವ್ಯವಸ್ಥೆಯಲ್ಲಿ ಮೊದಲು ಆಸಕ್ತಿ ತಿಳಿಸಬೇಕು. ಇಒಐ ಎನ್ನುವುದು ಇದನ್ನೇ. ಆಗ ಯಾವ ದಾಖಲೆಯನ್ನೂ ಕೇಳುವುದಿಲ್ಲ. ಹೆಚ್ಚು ಅಂಕದವರಿಗೆ ಮೊದಲು ಕರೆ. ಅಂಕ ಸಮನಾದರೆ ಆ ಅಂಕವನ್ನು ಮೊದಲು ಮುಟ್ಟಿದವರಿಗೆ. ಕರೆ ಬಂದ 60 ದಿನದೊಳಗೆ ಅರ್ಜಿ ಸಲ್ಲಿಸಬೇಕು. ಇಲ್ಲೊಂದು ಬಿಗಿಯಾದ ನಿಯಮವಿದೆ, ಬಹಳ ಜನ ಎಡವುವುದು ಇಲ್ಲೇ. ಕರೆಪತ್ರದಲ್ಲಿ ನಮೂದಾದ ಅಂಕಕ್ಕಿಂತ ಕಡಿಮೆ ಸಾಬೀತಾದರೆ ವೀಸಾ ಇಲ್ಲ. 90 ಎಂದು ಹೇಳಿ 85ಕ್ಕಷ್ಟೇ ಪುರಾವೆ ಕೊಟ್ಟರೆ, 85 ಎಂಬುದು 65ಕ್ಕಿಂತ ಎಷ್ಟು ಮೇಲಿದ್ದರೂ ಅರ್ಜಿ ತಿರಸ್ಕೃತ. ಕಟುವೆನಿಸಬಹುದು. ಆದರೆ ನಿಜವನ್ನೇ ಹೇಳಿ 85ರಲ್ಲಿ ಸಾಲಿನಲ್ಲಿ ನಿಂತವರನ್ನು ಹಿಂದೆ ಹಾಕಿ ಈ ಕರೆ ಬಂದಿತ್ತು ಎಂಬುದನ್ನು ನೆನೆದರೆ ನ್ಯಾಯ ಕಾಣುತ್ತದೆ.

ಈಗ ಕಡತ ಕೇಸ್ ಆಫೀಸರ್ ಕೈಗೆ ಬರುತ್ತದೆ. ಸಚಿವರ ಅಧಿಕಾರವನ್ನು ವಹಿಸಿಕೊಂಡು ತೀರ್ಮಾನಿಸುವವರು ಇವರು. ಮೊದಲ ಪ್ರಶ್ನೆ: ಇಷ್ಟೂ ಕಾಗದ ಒಬ್ಬರದೇ ತಾನೇ? ನಮ್ಮಲ್ಲಿ ಮನೆತನದ ಹೆಸರು ಹಚ್ಚಿಕೊಳ್ಳುವ ರೂಢಿ ಕಡಿಮೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಊರಿನ ‘ಜಿ’, ಅಪ್ಪನ ‘ಆರ್’ ಎಂಬ ಇನಿಷಿಯಲ್, ಆಮೇಲೆ ಹೆಸರು. ಪದವಿ ಪತ್ರದಲ್ಲಿ ಇನಿಷಿಯಲ್ ಹಿಂದಕ್ಕೆ ಹೋಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಗೋಣಿಬೀಡು ಎಂಬುದೇ ಮನೆತನದ ಹೆಸರಾಗಿರುತ್ತದೆ. ಮದುವೆಯಾದ ಹೆಣ್ಣುಮಗಳಾದರೆ ಇನ್ನೊಂದು ಸುತ್ತು ಬದಲಾವಣೆ. ಈ ಹೆಸರುಗಳೆಲ್ಲ ಒಬ್ಬರವೇ ಎಂಬ ಅಫಿಡವಿಟ್ ಇದ್ದರೂ ಓದುವವರು ಅದೊಂದನ್ನೇ ನಂಬಿ ಕೂರುವುದಿಲ್ಲ. ಹುಟ್ಟಿದ ತಾರೀಖು, ತಾಯಿತಂದೆಯರ ಹೆಸರು, ಫೋಟೋ, ಓದಿದ ವರ್ಷಗಳು ಒಂದರೊಡನೊಂದು ಹೊಂದುತ್ತವೆಯೇ ಎಂದು ನೋಡುತ್ತಾರೆ.

ಕೆಲಸದ ಅನುಭವದಲ್ಲಿ ಈ ಓದು ಇನ್ನೂ ಸೂಕ್ಷ್ಮ. ಕಂಪನಿಯ ಪತ್ರ ಆರು ವರ್ಷ ಎನ್ನುತ್ತದೆ. ಪಿಎಫ್ ಪಾಸ್‌ಬುಕ್ಕಿನಲ್ಲಿ ತಿಂಗಳುಗಳನ್ನು ಎಣಿಸಿದರೆ ಅಷ್ಟು ಬರುತ್ತದೆಯೇ? ಫಾರಂ 16ರ ಮೊತ್ತಕ್ಕೂ ಬ್ಯಾಂಕಿಗೆ ಬಿದ್ದ ಸಂಬಳಕ್ಕೂ ತಾಳೆಯಿದೆಯೇ? ನಡುವೆ ಮೂರು ತಿಂಗಳು ಯಾವ ಸಂಬಳವೂ ಇಲ್ಲ, ಆಗ ಎಲ್ಲಿದ್ದರು? ಮಾಡಿದ ಕೆಲಸದ ವಿವರ ಕೋಡ್ ಪುಸ್ತಕದ ಸಾಲುಗಳನ್ನೇ ನಕಲು ಮಾಡಿದಂತಿದ್ದರೆ ಅನುಮಾನ. ಒರಟಾಗಿದ್ದರೂ ಆ ಕೆಲಸ ಮಾಡಿದವರಿಗಷ್ಟೇ ಗೊತ್ತಿರುವ ಸಂಗತಿ ಇದ್ದರೆ ನಂಬಿಕೆ. ಅಗತ್ಯ ಕಂಡರೆ ಪತ್ರಕ್ಕೆ ಸಹಿ ಹಾಕಿದವರಿಗೇ ಫೋನು ಹೋಗುತ್ತದೆ. ಒಂದು ಕಾಗದವನ್ನು ಇನ್ನೊಂದರ ಸಾಕ್ಷಿಯಾಗಿ ನಿಲ್ಲಿಸುವ ಈ ಓದಿಗೆ ತಾಳ್ಮೆ ಬೇಕು. ಆತುರದವರ ಕಣ್ಣಿಗೆ ಸುಳ್ಳು ತಪ್ಪಿಸಿಕೊಳ್ಳುತ್ತದೆ, ಅದಕ್ಕಿಂತ ಕೆಟ್ಟದ್ದೆಂದರೆ ನಿಜವೂ ಸುಳ್ಳಾಗಿ ಕಾಣುತ್ತದೆ.

ಸಂದೇಹ ಬಂದಾಗ ಏನು ಮಾಡಬೇಕೆಂಬುದನ್ನು ಕಾನೂನು ಹೇಳಿದೆ. 1958ರ ಅದೇ ವಲಸೆ ಕಾಯ್ದೆಯ 56ನೇ ಕಲಮಿನಡಿ ಹೆಚ್ಚಿನ ಮಾಹಿತಿ ಕೇಳಬಹುದು. ಬೇರೆಡೆಯಿಂದ ಅರ್ಜಿದಾರರಿಗೆ ವಿರುದ್ಧವಾದ ಮಾಹಿತಿ ಸಿಕ್ಕಿ, ಅದೇ ತಿರಸ್ಕಾರಕ್ಕೆ ಕಾರಣವಾಗುವಂತಿದ್ದರೆ 57ನೇ ಕಲಮಿನ ಪ್ರಕಾರ ಅದನ್ನು ಅವರ ಮುಂದಿಟ್ಟು ಉತ್ತರ ಕೇಳಲೇಬೇಕು. ಬೆನ್ನ ಹಿಂದೆ ಬಂದ ಮಾತನ್ನು ನಂಬಿ ಬಾಗಿಲು ಮುಚ್ಚುವಂತಿಲ್ಲ. ಇನ್ನು ನಕಲಿ ದಾಖಲೆ ಎಂದು ಸಾಬೀತಾದರೆ ಮೂರು ವರ್ಷ ವೀಸಾ ಕಷ್ಟ. ಅದಕ್ಕೇ ಏಜೆಂಟರು ‘ಒಂದು ಲೆಟರ್ ಮಾಡಿಸಿಕೊಡ್ತೀನಿ’ ಎಂದರೆ ಆ ಕ್ಷಣವೇ ಎದ್ದು ಬರಬೇಕು ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಎಲ್ಲ ಮುಗಿದ ಮೇಲೆ 65ನೇ ಕಲಮು. ಷರತ್ತುಗಳು ಪೂರೈಸಿವೆ ಎಂದು ಮನವರಿಕೆಯಾದರೆ ವೀಸಾ ಕೊಡತಕ್ಕದ್ದು; ಆಗದಿದ್ದರೆ ನಿರಾಕರಿಸತಕ್ಕದ್ದು. ಕೊಡಬಹುದು ಎಂದಿಲ್ಲ. ಅಂದರೆ ಅರ್ಹರಾದವರು ಅಧಿಕಾರಿಗೆ ಇಷ್ಟವಾಗದಿದ್ದರೂ ಅವರು ಕೊಡಲೇಬೇಕು, ಅನರ್ಹರ ಕಥೆ ಕಣ್ಣೀರು ತರಿಸಿದರೂ ಕೊಡುವಂತಿಲ್ಲ. ನಿರಾಕರಿಸಿದರೆ ಯಾವ ಷರತ್ತಿನಲ್ಲಿ ತಪ್ಪಿತು ಎಂದು ಪತ್ರದಲ್ಲಿ ಬರೆಯಬೇಕು. ಬಂದರಿನ ಅಧಿಕಾರಿಯ ಉಕ್ತಲೇಖನದಿಂದ ಇಲ್ಲಿಗೆ ಬಂದ ದಾರಿ ಎಷ್ಟು ದೂರದ್ದು! ಆದರೂ ಈ ಬಿಗಿತ ಒಂದು ಕಡೆ ನೋಯಿಸುತ್ತದೆ. ಆರೋಗ್ಯದ ಷರತ್ತಿನಲ್ಲಿ ಮನೆಯ ಒಬ್ಬರು ತಪ್ಪಿದರೆ ಎಲ್ಲರಿಗೂ ವೀಸಾ ಇಲ್ಲ. ಚಿಕಿತ್ಸೆಗೆ ಹೆಚ್ಚು ಖರ್ಚಾಗಬಹುದಾದ ಒಂದು ಮಗುವಿನಿಂದ ಇಡೀ ಸಂಸಾರದ ಅರ್ಜಿ ಬೀಳಬಹುದು, ಅಂಕದ ಮೇಲೆ ಸಿಗುವ 189 ಎಂಬ ವೀಸಾದಲ್ಲಿ ಅದಕ್ಕೆ ವಿನಾಯಿತಿಯೂ ಇಲ್ಲ. ಇದು ಕಡತ ಓದುವವರ ತಪ್ಪಲ್ಲ, ನಿಯಮ ಬರೆದವರು ತಿದ್ದಬೇಕಾದದ್ದು.

ನಡತೆಯ ಷರತ್ತಿಗೆ ಕಳೆದ ಹತ್ತು ವರ್ಷದಲ್ಲಿ ಒಟ್ಟು 12 ತಿಂಗಳು ನೆಲೆಸಿದ ಪ್ರತಿ ದೇಶದ ಪೊಲೀಸ್ ಪ್ರಮಾಣಪತ್ರ ಬೇಕು. ನಮ್ಮವರಿಗೆ ಅದನ್ನು ಕೊಡುವುದು ಪಾಸ್‌ಪೋರ್ಟ್ ಕಚೇರಿ. ಪರಿಶೀಲನೆ ಮಾತ್ರ ಊರಿನ ಠಾಣೆಗೆ ಬರುತ್ತದೆ. ಗೋಣಿಬೀಡು ಠಾಣೆಯವರು ಮನೆ ವಿಳಾಸ ನೋಡಿ, ಅವರ ಮೇಲೆ ಕೇಸು ಇದೆಯೇ ಎಂದು ತಮ್ಮ ದಾಖಲೆ ತಿರುವಿ ಹಾಕಿ ವರದಿ ಕಳಿಸುತ್ತಾರೆ. ಸಾವಿರಾರು ಮೈಲಿ ಆಚೆ ಕೂತು ಕಡತ ಓದುವವರಿಗೆ ಈ ಊರನ್ನು ಕಣ್ಣಾರೆ ಕಂಡವರ ಮಾತು ಸೇರುವುದು ಹೀಗೆ. ಆ ಪ್ರಮಾಣಪತ್ರಕ್ಕೂ ಆರೋಗ್ಯ ತಪಾಸಣೆಗೂ ಸಾಮಾನ್ಯವಾಗಿ ಒಂದು ವರ್ಷದ ಬಾಳಿಕೆ. ಆಸ್ಟ್ರೇಲಿಯಾದ ಹೊರಗಿದ್ದವರಿಗೆ ವೀಸಾ ಮಂಜೂರಾದ ಪತ್ರದಲ್ಲಿ ಇಂಥ ದಿನದೊಳಗೆ ಮೊದಲ ಸಲ ಬಂದಿಳಿಯಬೇಕು ಎಂಬ ತಾರೀಖು ಇದ್ದರೆ, ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದನ್ನು ನೋಡಿಯೇ ಬಹುತೇಕ ಆ ದಿನ ನಿಗದಿಯಾಗಿರುತ್ತದೆ.